ಏಜೆಂಟ್ ಓದುವ ಕೈಪಿಡಿ

ಹೇಳಿದ ಕೆಲಸವನ್ನು ಹಂತಹಂತವಾಗಿ ತಾನೇ ಮಾಡಿ ಮುಗಿಸಲು ಹೊರಡುವ ಭಾಷಾ ಮಾದರಿಗೆ ಎಐ ಏಜೆಂಟ್ ಎಂದು ಹೆಸರು. ಮಾದರಿಗೆ ಸ್ವಂತವಾಗಿ ಬರುವುದು ಪಠ್ಯವನ್ನು ಓದುವುದು ಮತ್ತು ಬರೆಯುವುದು. ಕಡತ ತೆರೆಯುವುದಕ್ಕೆ, ಹಣ ಕಳಿಸುವುದಕ್ಕೆ, ರೈಲಿನ ವೇಳೆ ನೋಡುವುದಕ್ಕೆ ಅದು ಬೇರೊಂದು ತಂತ್ರಾಂಶದ ಕೈ ಹಿಡಿಯಬೇಕು. ಆ ತಂತ್ರಾಂಶವನ್ನು ಈ ಕ್ಷೇತ್ರದವರು ಟೂಲ್ ಎನ್ನುತ್ತಾರೆ. ಕೆಲಸ ಶುರುವಾಗುವ ಮೊದಲೇ ಮಾದರಿಯ ಮುಂದೆ ಟೂಲ್‌ಗಳ ಪಟ್ಟಿಯೊಂದನ್ನು ಇಡಲಾಗುತ್ತದೆ. ಪಟ್ಟಿಯಲ್ಲಿ ಪ್ರತಿಯೊಂದು ಟೂಲ್‌ನ ಹೆಸರಿರುತ್ತದೆ, ನಾಲ್ಕಾರು ಸಾಲಿನ ವಿವರಣೆ ಇರುತ್ತದೆ, ಅದಕ್ಕೆ ಯಾವ ಯಾವ ಮಾಹಿತಿ ಕೊಡಬೇಕು ಎಂಬುದು ಇರುತ್ತದೆ. ಮಾದರಿ ಇದನ್ನು ಓದಿ, ತನಗೆ ಬೇಕಾದ ಟೂಲನ್ನು ಆರಿಸಿ, ಸಾಮಾನ್ಯವಾಗಿ ಜೇಸನ್ ಎಂಬ ರೂಪದಲ್ಲಿ ಒಂದು ಕರೆಯನ್ನು ಬರೆಯುತ್ತದೆ. ಹೊರಗಿನ ಪ್ರೋಗ್ರಾಮೊಂದು ಆ ಕರೆಯಂತೆ ಟೂಲನ್ನು ನಡೆಸಿ, ಬಂದ ಫಲಿತಾಂಶವನ್ನು ಮತ್ತೆ ಪಠ್ಯವಾಗಿ ಮಾದರಿಗೆ ಒಪ್ಪಿಸುತ್ತದೆ. ಟೂಲ್‌ನ ಒಳಗಿನ ಕೋಡ್ ಸಾಮಾನ್ಯವಾಗಿ ಮಾದರಿಯ ಕಣ್ಣಿಗೆ ಬೀಳುವುದೇ ಇಲ್ಲ. ಏಜೆಂಟ್‌ನ ಮಟ್ಟಿಗೆ ಟೂಲ್ ಎಂದರೆ ಅದರ ವಿವರಣೆಯೇ. ವಿವರಣೆಯಲ್ಲಿ ಇಲ್ಲದ್ದು ಟೂಲ್‌ನಲ್ಲೂ ಇಲ್ಲ. ವಿವರಣೆ ತಪ್ಪಾದರೆ ಟೂಲೇ ತಪ್ಪಾದಂತೆ.

ಈ ವ್ಯವಸ್ಥೆಗೆ ಹೆಚ್ಚು ವಯಸ್ಸಾಗಿಲ್ಲ. 2023ರ ಜೂನ್‌ನಲ್ಲಿ ಓಪನ್‌ಎಐ ಸಂಸ್ಥೆ ತನ್ನ ಮಾದರಿಗಳಿಗೆ ಹೀಗೆ ಟೂಲ್ ಕರೆಯುವ, ಫಂಕ್ಷನ್ ಕಾಲಿಂಗ್ ಎಂಬ ಸೌಲಭ್ಯವನ್ನು ಸೇರಿಸಿತು. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಸಂಸ್ಥೆ ಮಾದರಿಗಳಿಗೆ ಟೂಲ್‌ಗಳನ್ನು ಜೋಡಿಸುವ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಎಂಬ ಮುಕ್ತ ಮಾನಕವನ್ನು ಹೊರತಂದಿತು. ಬಳಕೆಯಲ್ಲಿ ಅದು ಎಂಸಿಪಿ. ಮರುವರ್ಷ ಓಪನ್‌ಎಐ, ಗೂಗಲ್‌ನಂಥ ಸಂಸ್ಥೆಗಳೂ ಅದನ್ನು ಒಪ್ಪಿಕೊಂಡವು. ಹೀಗೆ ಒಬ್ಬರು ಬರೆದ ಟೂಲನ್ನು ಇನ್ನೊಬ್ಬರ ಏಜೆಂಟ್ ಬಳಸುವ ದಾರಿ ತೆರೆಯಿತು. ಅದರೊಂದಿಗೆ ಬರೆಯುವವರ ಹೊಣೆಯೂ ಹೆಚ್ಚಿತು. ತಾವು ಬರೆದ ವಿವರಣೆಯನ್ನು ಯಾವ ಮಾದರಿ, ಯಾರ ಪರವಾಗಿ, ಯಾವ ಕೆಲಸದ ನಡುವೆ ಓದುತ್ತದೆ ಎಂಬುದು ಅವರಿಗೆ ತಿಳಿಯುವಂತಿಲ್ಲ.

ತಂತ್ರಾಂಶಕ್ಕೆ ಕೈಪಿಡಿ ಬರೆಯುವ ಪದ್ಧತಿ ಮಾತ್ರ ಇದಕ್ಕಿಂತ ಎಷ್ಟೋ ಹಳೆಯದು. ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ರೂಪಿಸಿದ ಯುನಿಕ್ಸ್ ವ್ಯವಸ್ಥೆಯ ಕೈಪಿಡಿಯ ಮೊದಲ ಆವೃತ್ತಿ 1971ರ ನವೆಂಬರ್ 3ರ ದಿನಾಂಕ ಹೊತ್ತಿದೆ. ಅದರಲ್ಲಿ ಪ್ರತಿಯೊಂದು ಆದೇಶಕ್ಕೂ ಒಂದೇ ಅಚ್ಚಿನ ಪುಟ: ಹೆಸರು, ಬಳಸುವ ರೀತಿ, ವಿವರಣೆ, ಸಂಬಂಧಪಟ್ಟ ಕಡತಗಳು, ಬರಬಹುದಾದ ದೋಷಸೂಚನೆಗಳು. ಕೊನೆಯ ಭಾಗದಲ್ಲಿ ಬಗ್ಸ್ ಎಂಬ ಶೀರ್ಷಿಕೆ; ಅದರ ಕೆಳಗೆ ಆ ಆದೇಶದಲ್ಲಿ ಗೊತ್ತಿದ್ದೂ ಉಳಿದಿರುವ ದೋಷಗಳು. ತಾವೇ ಮಾಡಿದ ವಸ್ತುವಿನ ಕೊರತೆಯನ್ನು ಅದರ ಕೈಪಿಡಿಯಲ್ಲೇ ಬರೆದಿಡುವ ಆ ಪ್ರಾಮಾಣಿಕತೆ ಈ ವಿದ್ಯೆಯ ಅತ್ಯುತ್ತಮ ಪರಂಪರೆ. ಏಜೆಂಟ್‌ಗಳಿಗಾಗಿ ಬರೆಯುವವರು ಮೊದಲು ಉಳಿಸಿಕೊಳ್ಳಬೇಕಾದ್ದೂ ಅದನ್ನೇ.

ಆ ಪುಟಗಳನ್ನು ಓದುತ್ತಿದ್ದವರು ಮನುಷ್ಯರು. ಕೈಪಿಡಿಯಲ್ಲಿ ಒಂದು ಮಾತು ಬಿಟ್ಟುಹೋದರೆ ಮನುಷ್ಯ ಪಕ್ಕದ ಮೇಜಿನವರನ್ನು ಕೇಳುತ್ತಾನೆ, ಪರೀಕ್ಷೆಗೆಂದು ಕಡತವೊಂದರ ಮೇಲೆ ಪ್ರಯೋಗಿಸಿ ನೋಡುತ್ತಾನೆ, ಅನುಮಾನ ಬಂದರೆ ಕೈ ತಡೆಯುತ್ತಾನೆ. ಅಡುಗೆ ಪುಸ್ತಕದಲ್ಲಿ ರುಚಿಗೆ ತಕ್ಕಷ್ಟು ಉಪ್ಪು ಎಂದಿದ್ದರೆ ಅಡುಗೆ ಮಾಡಿ ಅಭ್ಯಾಸವಿದ್ದವರಿಗೆ ಅಷ್ಟೇ ಸಾಕು. ಏಜೆಂಟ್‌ಗೆ ಪಕ್ಕದ ಮೇಜು ಎಂಬುದಿಲ್ಲ. ಬಳಕೆದಾರರನ್ನು ಕೇಳುವ ಅವಕಾಶ ಕೆಲವೊಮ್ಮೆ ಇದ್ದರೂ ಅದರ ಸಹಜ ಒಲವು ಖಾಲಿ ಜಾಗವನ್ನು ತುಂಬಿ ಮುಂದೆ ಸಾಗುವ ಕಡೆಗೆ. ತಾನು ಕಲಿತ ಅಪಾರ ಪಠ್ಯದಲ್ಲಿ ಇಂಥ ಜಾಗದಲ್ಲಿ ಸಾಮಾನ್ಯವಾಗಿ ಏನಿರುತ್ತದೋ ಅದನ್ನೇ ಅದು ಬರೆಯುತ್ತದೆ. ಅನೇಕ ಸಲ ಆ ಊಹೆ ಸರಿಯಾಗಿಯೇ ಇರುತ್ತದೆ. ತಪ್ಪಾದಾಗಲೂ ಕರೆ ನೋಡುವುದಕ್ಕೆ ಅಚ್ಚುಕಟ್ಟಾಗಿಯೇ ಇರುವುದರಿಂದ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ, ಬಲ್ಲವರಿಗೆಲ್ಲ ಗೊತ್ತೇ ಇದೆ ಎಂದು ಬಿಟ್ಟ ಮಾತುಗಳನ್ನು ಹುಡುಕಿ ಬರೆಯುವುದೇ ಈ ಕೆಲಸದ ಮುಖ್ಯ ಭಾಗ.

ಇದರ ಸ್ವರೂಪ ಒಂದು ಉದಾಹರಣೆಯಲ್ಲಿ ಚೆನ್ನಾಗಿ ಕಾಣುತ್ತದೆ. ರೈಲು ಹುಡುಕುವ ಟೂಲೊಂದಿದೆ ಎಂದಿಟ್ಟುಕೊಳ್ಳಬಹುದು. ಅದರ ಹೆಸರು ಸರ್ಚ್. ವಿವರಣೆ, ರೈಲುಗಳನ್ನು ಹುಡುಕುತ್ತದೆ ಎಂಬ ಒಂದೇ ಸಾಲು. ಕೊಡಬೇಕಾದ ಮಾಹಿತಿ ಮೂರು: ಎಲ್ಲಿಂದ, ಎಲ್ಲಿಗೆ, ದಿನಾಂಕ. ಬರೆದ ಪ್ರೋಗ್ರಾಮರ್‌ಗೆ ಇದರಲ್ಲಿ ಯಾವ ಅಸ್ಪಷ್ಟತೆಯೂ ಕಾಣುವುದಿಲ್ಲ. ಬಳಕೆದಾರರೊಬ್ಬರು ನಾಳೆ ರಾತ್ರಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗಬೇಕು ಎಂದು ಕನ್ನಡದಲ್ಲಿ ಹೇಳುತ್ತಾರೆ. ಏಜೆಂಟ್ ಏನು ಬರೆಯಬೇಕು? ಬೆಂಗಳೂರು ಎಂದು ಕನ್ನಡ ಲಿಪಿಯಲ್ಲೋ, ಇಂಗ್ಲಿಷ್ ಅಕ್ಷರಗಳಲ್ಲೋ? ಇಂಗ್ಲಿಷಾದರೆ 2014ರ ನವೆಂಬರ್ 1ರಿಂದ ಜಾರಿಗೆ ಬಂದ ಬೆಂಗಳೂರು ಎಂಬ ರೂಪವೋ, ಅದಕ್ಕೂ ಮೊದಲಿನ ಬ್ಯಾಂಗಲೋರ್ ಎಂಬ ರೂಪವೋ? ಊರಿನ ಹೆಸರು ಸಾಕೋ, ನಿಲ್ದಾಣದ ಸಂಕೇತ ಬೇಕೋ? ಸಂಕೇತ ಬೇಕೆಂದರೆ ಬೆಂಗಳೂರಿನಲ್ಲಿ ದೊಡ್ಡ ನಿಲ್ದಾಣಗಳೇ ಹಲವು: ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣ ಎಸ್‌ಬಿಸಿ, ಯಶವಂತಪುರ ವೈಪಿಆರ್, ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಎಸ್‌ಎಂವಿಬಿ. ಏಜೆಂಟ್ ಎಸ್‌ಬಿಸಿ ಎಂದು ಊಹಿಸಿ ಕರೆ ಮಾಡಿದರೆ ಯಶವಂತಪುರದಿಂದ ಹೊರಡುವ ರೈಲುಗಳು ಪಟ್ಟಿಯಲ್ಲಿ ಬರುವುದೇ ಇಲ್ಲ. ಬಳಕೆದಾರರಿಗೆ ಉತ್ತರ ಸಿಗುತ್ತದೆ, ಅರ್ಧ ಉತ್ತರ. ಅದು ಅರ್ಧ ಎಂಬುದು ಅವರಿಗೂ ತಿಳಿಯುವುದಿಲ್ಲ, ಏಜೆಂಟ್‌ಗೂ ತಿಳಿಯುವುದಿಲ್ಲ.

ದಿನಾಂಕದ ತೊಡಕು ಇನ್ನೂ ಸೂಕ್ಷ್ಮ. 03-04-2026 ಎಂಬುದು ಭಾರತದಲ್ಲಿ ಏಪ್ರಿಲ್ 3, ಅಮೆರಿಕದಲ್ಲಿ ಮಾರ್ಚ್ 4. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆಯಬೇಕು ಎನ್ನುವ ಅಂತಾರಾಷ್ಟ್ರೀಯ ಮಾನಕ ಐಎಸ್‌ಒ 8601 1988ರಿಂದಲೂ ಇದೆ. ಅದನ್ನು ಹೆಸರಿಸಿ ಒಂದು ಉದಾಹರಣೆ ಕೊಟ್ಟರೆ ಈ ಗೊಂದಲ ಅಲ್ಲಿಗೇ ಮುಗಿಯುತ್ತದೆ. ನಾಳೆ ಎಂಬುದು ಯಾವ ಕಾಲವಲಯದ ನಾಳೆ ಎಂಬ ಪ್ರಶ್ನೆ ಅಷ್ಟಕ್ಕೇ ಮುಗಿಯುವುದಿಲ್ಲ. ಗ್ರೀನಿಚ್ ಕಾಲದಂತೆ ನಡೆಯುವ ಸರ್ವರ್‌ಗೆ ಭಾರತದ ಬೆಳಗಿನ ಐದೂವರೆಯವರೆಗೂ ಹಿಂದಿನ ದಿನವೇ. ರಾತ್ರಿ ರೈಲುಗಳಲ್ಲಿ ಮತ್ತೊಂದು ಸಮಸ್ಯೆ ಇದೆ. ಬೆಂಗಳೂರನ್ನು ರಾತ್ರಿ ಹನ್ನೊಂದಕ್ಕೆ ಬಿಟ್ಟ ರೈಲಿಗೆ ದಾರಿಯ ಊರಿನಲ್ಲಿ ಹತ್ತುವವರು ಹತ್ತುವ ಹೊತ್ತಿಗೆ ದಿನಾಂಕ ಬದಲಾಗಿರುತ್ತದೆ. ಟೂಲ್ ಕೇಳುತ್ತಿರುವುದು ರೈಲು ಹೊರಟ ದಿನವನ್ನೋ, ಪ್ರಯಾಣಿಕರು ಹತ್ತುವ ದಿನವನ್ನೋ? ರೈಲ್ವೆಯಲ್ಲಿ ದುಡಿದವರಿಗೆ ಇದು ಪ್ರಶ್ನೆಯೇ ಅಲ್ಲ. ವಿವರಣೆಯಲ್ಲಿ ಆ ಒಂದು ಸಾಲು ಇಲ್ಲದಿದ್ದರೆ ಏಜೆಂಟ್ ಒಂದು ದಿನ ಆಚೆಯ ಅಥವಾ ಈಚೆಯ ರೈಲಿಗೆ ಟಿಕೆಟ್ ಹುಡುಕುತ್ತದೆ.

ಇದೇ ಟೂಲ್‌ನ ಒಳ್ಳೆಯ ವಿವರಣೆ ಸುಮಾರು ಹೀಗಿರುತ್ತದೆ. ಹೆಸರು ಸರ್ಚ್ ಟ್ರೇನ್ಸ್ ಬಿಟ್ವೀನ್ ಸ್ಟೇಷನ್ಸ್. ಮುಂದಿನ ಮಾತು: ಎರಡು ನಿಲ್ದಾಣಗಳ ನಡುವೆ ಒಂದು ದಿನ ನೇರವಾಗಿ ಓಡುವ ರೈಲುಗಳನ್ನು ಕೊಡುತ್ತದೆ, ನಡುವೆ ರೈಲು ಬದಲಿಸುವ ಪ್ರಯಾಣಗಳನ್ನು ಕೊಡುವುದಿಲ್ಲ, ಸೀಟು ಖಾಲಿ ಇದೆಯೇ ಎಂದು ಹೇಳುವುದಿಲ್ಲ, ಅದಕ್ಕೆ ಬೇರೆ ಟೂಲ್ ಇದೆ. ನಿಲ್ದಾಣವನ್ನು ರೈಲ್ವೆ ಸಂಕೇತದಲ್ಲಿ, ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಬೇಕು, ಉದಾಹರಣೆಗೆ ಹುಬ್ಬಳ್ಳಿಗೆ ಯುಬಿಎಲ್. ಸಂಕೇತ ಗೊತ್ತಿಲ್ಲದಿದ್ದರೆ ಊಹಿಸದೆ ಮೊದಲು ನಿಲ್ದಾಣ ಹುಡುಕುವ ಟೂಲನ್ನು ಕರೆಯಬೇಕು. ಊರಿಗೆ ಹಲವು ನಿಲ್ದಾಣಗಳಿದ್ದರೆ ಪ್ರತಿಯೊಂದಕ್ಕೂ ಬೇರೆ ಕರೆ ಬೇಕು. ದಿನಾಂಕ ಎಂದರೆ ಪ್ರಯಾಣಿಕರು ಹತ್ತುವ ನಿಲ್ದಾಣದಿಂದ ರೈಲು ಹೊರಡುವ ದಿನ, ಭಾರತೀಯ ಕಾಲಮಾನದಲ್ಲಿ, 2026-04-03 ಎಂಬ ರೂಪದಲ್ಲಿ. ಆ ದಿನ ರೈಲೇ ಇಲ್ಲದಿದ್ದರೆ ಖಾಲಿ ಪಟ್ಟಿ ಬರುತ್ತದೆ, ಅದು ದೋಷವಲ್ಲ.

ಇದರಲ್ಲಿ ಪಾಂಡಿತ್ಯವೇನೂ ಕಾಣುವುದಿಲ್ಲ. ಆದರೆ ಪ್ರತಿಯೊಂದು ವಾಕ್ಯವೂ ಒಂದು ತಪ್ಪನ್ನು ಮುಂಚಿತವಾಗಿ ತಡೆಯುತ್ತದೆ. ಮುಖ್ಯವಾಗಿ ಗಮನಿಸಬೇಕಾದ್ದು ಇಲ್ಲ ಎನ್ನುವ ವಾಕ್ಯಗಳನ್ನು: ಇದನ್ನು ಕೊಡುವುದಿಲ್ಲ, ಅದನ್ನು ಹೇಳುವುದಿಲ್ಲ. ಟೂಲ್ ಏನು ಮಾಡುತ್ತದೆ ಎಂದು ಎಲ್ಲರೂ ಬರೆಯುತ್ತಾರೆ. ಏನು ಮಾಡುವುದಿಲ್ಲ, ಯಾವಾಗ ಇದನ್ನು ಬಿಟ್ಟು ಇನ್ನೊಂದನ್ನು ಬಳಸಬೇಕು ಎಂದು ಬರೆಯುವವರು ಕಡಿಮೆ. ಪಟ್ಟಿಯಲ್ಲಿ ಹತ್ತಾರು ಟೂಲ್‌ಗಳಿದ್ದಾಗ, ಅವುಗಳಲ್ಲಿ ಎರಡು ಒಂದನ್ನೊಂದು ಹೋಲುತ್ತಿದ್ದಾಗ, ಆಯ್ಕೆ ನಿಲ್ಲುವುದು ಈ ಗಡಿರೇಖೆಯ ಮೇಲೆಯೇ. ಗೆಟ್, ಫೆಚ್, ಲುಕಪ್ ಎಂಬ ಮೂರು ಹೆಸರಿನ ಮೂರು ಟೂಲ್‌ಗಳು ಒಟ್ಟಿಗಿದ್ದರೆ ಮನುಷ್ಯರೂ ತಡವರಿಸುತ್ತಾರೆ. ಕೊಡಬೇಕಾದ ಮಾಹಿತಿಯ ಹೆಸರುಗಳಿಗೂ ಇದೇ ಮಾತು ಸಲ್ಲುತ್ತದೆ. ಯೂಸರ್ ಎಂಬ ಹೆಸರನ್ನು ಯೂಸರ್ ಐಡಿ ಎಂದು ಬದಲಿಸಿದರೆ ಸಾಕು, ವ್ಯಕ್ತಿಯ ಹೆಸರನ್ನೋ ಮಿಂಚಂಚೆಯನ್ನೋ ಕಳಿಸುವ ತಪ್ಪಿಗೆ ಆಸ್ಪದ ಕಡಿಮೆಯಾಗುತ್ತದೆ.

ಟೂಲ್‌ಗೆ ಕೊಡುವ ಮೌಲ್ಯಗಳ ವಿಷಯದಲ್ಲಿ ಹೆಚ್ಚು ಹಾನಿ ಮಾಡುವುದು ಬರೆಯದೆ ಬಿಟ್ಟ ಅಳತೆಯ ಮಾನ. ಬೆಂಗಳೂರಿನ ರೇಜರ್‌ಪೇ ಸೇರಿದಂತೆ ಅನೇಕ ಪಾವತಿ ಸೇವೆಗಳ ಎಪಿಐಗಳಲ್ಲಿ, ಅಂದರೆ ಬೇರೆ ತಂತ್ರಾಂಶಗಳು ಆ ಸೇವೆಯನ್ನು ಬಳಸುವ ದ್ವಾರಗಳಲ್ಲಿ, ಮೊತ್ತವನ್ನು ರೂಪಾಯಿಯಲ್ಲಿ ಬರೆಯುವುದಿಲ್ಲ, ಪೈಸೆಯಲ್ಲಿ ಬರೆಯಬೇಕು. 500 ರೂಪಾಯಿ ಎಂದರೆ 50000. ದಶಮಾಂಶಗಳ ಲೆಕ್ಕದಲ್ಲಿ ಕಂಪ್ಯೂಟರ್‌ಗಳು ಮಾಡುವ ಸಣ್ಣ ತಪ್ಪುಗಳನ್ನು ತಪ್ಪಿಸಲು ಇದು ಒಳ್ಳೆಯ ಉಪಾಯ, ರೇಜರ್‌ಪೇಯ ಕೈಪಿಡಿಯಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದೆ. ಅದೇ ಎಪಿಐಯನ್ನು ಏಜೆಂಟ್‌ಗಾಗಿ ಟೂಲ್ ಆಗಿ ರೂಪಿಸುವವರು ಆ ಸಾಲನ್ನು ಬಿಟ್ಟು ಬರೀ ಮೊತ್ತ ಎಂದು ಬರೆದರೆ ಏಜೆಂಟ್ 500 ಎಂದು ಕಳಿಸುತ್ತದೆ, ಗ್ರಾಹಕರಿಗೆ ಐದು ರೂಪಾಯಿಯ ಬಿಲ್ ಹೋಗುತ್ತದೆ. ಮಾನವನ್ನು ವಿವರಣೆಯಲ್ಲಿ ಬರೆಯುವುದು ಒಂದು ದಾರಿ. ಹೆಸರಿನಲ್ಲೇ ಸೇರಿಸಿ ಅಮೌಂಟ್ ಇನ್ ಪೈಸೆ ಎಂದು ಕರೆಯುವುದು ಅದಕ್ಕಿಂತ ಭದ್ರವಾದ ದಾರಿ. ಬ್ಯಾಂಕ್ ಶಾಖೆಯ ಐಎಫ್‌ಎಸ್‌ಸಿ ಸಂಕೇತವೂ ಇಂಥದ್ದೇ. ಅದರಲ್ಲಿ 11 ಚಿಹ್ನೆಗಳು: ಮೊದಲ ನಾಲ್ಕು ಬ್ಯಾಂಕಿನ ಅಕ್ಷರಗಳು, ಐದನೆಯದು ಸೊನ್ನೆ, ಕೊನೆಯ ಆರು ಶಾಖೆಯ ಗುರುತು. ಐದನೆಯದು ಇಂಗ್ಲಿಷಿನ ಓ ಅಕ್ಷರವಲ್ಲ, ಸೊನ್ನೆ ಎಂದು ಒಂದು ಸಾಲು ಇದ್ದರೆ, ಬಳಕೆದಾರರು ಓ ಎಂದು ಟೈಪ್ ಮಾಡಿದ್ದನ್ನು ಏಜೆಂಟ್ ಹಣ ಹೊರಡುವ ಮೊದಲೇ ಗುರುತಿಸಬಲ್ಲದು.

ಮಾನದ ಗೊಂದಲ ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ಎಐಗೂ ಮೊದಲಿನ ಒಂದು ಪ್ರಸಿದ್ಧ ಪ್ರಕರಣವಿದೆ. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1999ರ ಸೆಪ್ಟೆಂಬರ್ 23ರಂದು ಮಂಗಳ ಗ್ರಹವನ್ನು ತಲುಪುವ ಹೊತ್ತಿಗೆ ನಾಶವಾಯಿತು. ಭೂಮಿಯ ಮೇಲಿದ್ದ ಒಂದು ತಂತ್ರಾಂಶ ನೌಕೆಯ ಪುಟ್ಟ ರಾಕೆಟ್‌ಗಳ ಒತ್ತನ್ನು ಪೌಂಡ್-ಸೆಕೆಂಡುಗಳಲ್ಲಿ ಲೆಕ್ಕ ಹಾಕಿ ಕಡತಕ್ಕೆ ಬರೆಯಿತು. ಅದನ್ನು ಓದಿದ ಇನ್ನೊಂದು ತಂತ್ರಾಂಶ ಅಂಕಿಗಳನ್ನು ನ್ಯೂಟನ್-ಸೆಕೆಂಡುಗಳೆಂದು ತಿಳಿಯಿತು. ಎರಡರ ನಡುವಿನ ವ್ಯತ್ಯಾಸ ಸುಮಾರು 4.45 ಪಟ್ಟು. ಈ ಪ್ರಕರಣದಲ್ಲಿ ಬಹಳ ಮಂದಿ ಗಮನಿಸದ ಸಂಗತಿಯೊಂದಿದೆ. ಆ ಕಡತ ಹೇಗಿರಬೇಕೆಂದು ವಿವರಿಸುವ ದಾಖಲೆ ಇತ್ತು, ಮೆಟ್ರಿಕ್ ಮಾನವನ್ನೇ ಬಳಸಬೇಕೆಂದು ಅದರಲ್ಲಿ ಬರೆದೂ ಇತ್ತು. ತಂತ್ರಾಂಶ ಆ ದಾಖಲೆಯಂತೆ ನಡೆಯಲಿಲ್ಲ, ನಡೆಯುತ್ತಿದೆಯೇ ಎಂದು ಸಾಕಷ್ಟು ಪರೀಕ್ಷಿಸಿರಲೂ ಇಲ್ಲ. ಸರಿಯಾಗಿ ಬರೆದರಷ್ಟೇ ಸಾಲದು, ಬರೆದದ್ದಕ್ಕೂ ಟೂಲ್‌ನ ನಡತೆಗೂ ತಾಳೆ ಇದೆಯೇ ಎಂದು ಪ್ರತಿ ಬದಲಾವಣೆಯ ನಂತರವೂ ನೋಡಬೇಕು. ಬರೆದದ್ದನ್ನು ನಂಬುವ ಏಜೆಂಟ್‌ಗಳ ಕಾಲದಲ್ಲಿ ಈ ಪರೀಕ್ಷೆಯ ತೂಕ ಇನ್ನೂ ಹೆಚ್ಚು.

ಕೆಲವು ತಪ್ಪುಗಳನ್ನು ವಿವರಣೆಯಿಂದ ತಡೆಯುವುದಕ್ಕಿಂತ ಟೂಲ್‌ನ ವಿನ್ಯಾಸದಿಂದಲೇ ತಡೆಯುವುದು ಮೇಲು. ಆಂಥ್ರೊಪಿಕ್‌ನ ಎಂಜಿನಿಯರ್‌ಗಳು 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಅನುಭವವೊಂದು ಇದಕ್ಕೆ ನಿದರ್ಶನ. ಅವರ ಏಜೆಂಟ್ ಕೋಡ್ ತಿದ್ದುವಾಗ ಮೂಲ ಫೋಲ್ಡರ್ ಬಿಟ್ಟು ಬೇರೆಡೆಗೆ ಹೋದ ಮೇಲೆ ಕಡತಗಳ ವಿಳಾಸದಲ್ಲಿ ಎಡವುತ್ತಿತ್ತು. ಇರುವ ಜಾಗದಿಂದ ಲೆಕ್ಕ ಹಾಕುವ ಸಾಪೇಕ್ಷ ವಿಳಾಸ ಅದರ ಕೈ ತಪ್ಪುತ್ತಿತ್ತು. ಮೂಲದಿಂದ ಶುರುವಾಗುವ ಪೂರ್ಣ ವಿಳಾಸವನ್ನೇ ಕೊಡಬೇಕು ಎಂದು ಟೂಲನ್ನು ಬದಲಿಸಿದ ಮೇಲೆ ಆ ತೊಂದರೆ ನಿಂತಿತು. ತಪ್ಪು ಮಾಡಲು ಅವಕಾಶವೇ ಇಲ್ಲದಂತೆ ಸಾಧನವನ್ನು ರೂಪಿಸುವ ಈ ವಿಧಾನಕ್ಕೆ ಜಪಾನಿನ ಕಾರ್ಖಾನೆಗಳಲ್ಲಿ ಪೋಕಾ-ಯೋಕೆ ಎನ್ನುತ್ತಾರೆ. ಟೂಲ್ ಒಪ್ಪುವ ಮೌಲ್ಯಗಳು ನಾಲ್ಕೇ ಆಗಿದ್ದರೆ ಆ ನಾಲ್ಕನ್ನೂ ಪಟ್ಟಿ ಮಾಡಿ, ಬೇರೆ ಯಾವುದನ್ನೂ ಒಪ್ಪದಂತೆ ಮಾಡುವುದೂ ಇದೇ ಜಾತಿಯ ಉಪಾಯ.

ಕನ್ನಡ ಪಠ್ಯವನ್ನು ನಿರ್ವಹಿಸುವ ಟೂಲ್‌ಗಳಿಗೆ ಒಂದು ವಿಶೇಷ ಎಚ್ಚರ ಬೇಕು. ನೂರಕ್ಕೆ ಮೀರಬಾರದು ಎಂದು ಉದ್ದದ ಮಿತಿ ಬರೆದರೆ, ನೂರು ಯಾವುದು? ಸ್ತ್ರೀ ಎಂಬುದು ಓದುಗರ ಕಣ್ಣಿಗೆ ಒಂದೇ ಅಕ್ಷರ. ಯುನಿಕೋಡ್‌ನಲ್ಲಿ ಅದು ಸಕಾರ, ವಿರಾಮ, ತಕಾರ, ವಿರಾಮ, ರಕಾರ, ಈಕಾರದ ಗುರುತು ಎಂದು ಆರು ಸಂಕೇತಗಳು. ಯುಟಿಎಫ್-8 ರೂಪದಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟ್, ಅಲ್ಲಿಗೆ ಒಟ್ಟು 18. ಇಂಗ್ಲಿಷನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಬರೆದವರಿಗೆ ಈ ಮೂರು ಎಣಿಕೆಗಳೂ ಒಂದೇ ಆಗಿ ಕಾಣುತ್ತವೆ. ಕನ್ನಡದಲ್ಲಿ ಅವು ಬೇರೆ ಬೇರೆ. ಎಸ್‌ಎಂಎಸ್ ಕಳಿಸುವ ಟೂಲ್‌ನಲ್ಲಿ ಇದು ನೇರವಾಗಿ ಖರ್ಚಿಗೆ ತಾಗುತ್ತದೆ. ಇಂಗ್ಲಿಷ್ ಸಂದೇಶವೊಂದರಲ್ಲಿ 160 ಚಿಹ್ನೆಗಳು ಹಿಡಿಸಿದರೆ ಕನ್ನಡ ಸಂದೇಶದಲ್ಲಿ ಹಿಡಿಸುವುದು 70 ಸಂಕೇತ ಮಾತ್ರ. ಒಂದು ಹೆಚ್ಚಾದರೂ ಸಂದೇಶ ಎರಡಾಗುತ್ತದೆ. ಇದನ್ನು ಬರೆದಿಟ್ಟರೆ ಏಜೆಂಟ್ ವಾಕ್ಯವನ್ನು ಬಿಗಿಮಾಡಿ ಕಳಿಸುತ್ತದೆ. ಬರೆಯದಿದ್ದರೆ ಗ್ರಾಮ ಪಂಚಾಯಿತಿಯ ನೀರಿನ ಬಿಲ್ಲಿನ ಸೂಚನೆ ಮೂರು ತುಂಡಾಗಿ ಹೋಗಿ ಮೂರರ ಹಣ ತೆರಬೇಕಾದೀತು. ಜೊತೆಗೆ ಹೆಸರುಗಳನ್ನು ಯಾವ ಲಿಪಿಯಲ್ಲಿ ಕೊಡಬೇಕು, ೧೨೩ ಎಂಬ ಕನ್ನಡ ಅಂಕಿಗಳನ್ನು ಟೂಲ್ ಒಪ್ಪುತ್ತದೆಯೇ ಎಂಬುದನ್ನೂ ಹೇಳಬೇಕು. ಕನ್ನಡದಲ್ಲಿ ಮಾತನಾಡುವ ಬಳಕೆದಾರರಿಗೂ ಇಂಗ್ಲಿಷ್ ಸಂಕೇತ ಕೇಳುವ ಟೂಲ್‌ಗೂ ನಡುವೆ ನಿಂತ ಏಜೆಂಟ್‌ಗೆ ಈ ಎರಡು ಸಾಲು ದೊಡ್ಡ ಆಸರೆ.

ಟೂಲ್‌ಗೆ ಏನು ಕೊಡಬೇಕು ಎಂದು ಬರೆಯುವವರಲ್ಲಿ ಅನೇಕರು ಅದರಿಂದ ಏನು ಬರುತ್ತದೆ ಎಂಬುದನ್ನು ಬರೆಯದೆ ಬಿಡುತ್ತಾರೆ. ಏಜೆಂಟ್‌ನ ನೆನಪಿನ ಜಾಗಕ್ಕೆ ಮಿತಿ ಇದೆ. ಟೂಲ್‌ಗಳ ವಿವರಣೆ, ಬಳಕೆದಾರರ ಮಾತು, ಬಂದ ಫಲಿತಾಂಶ ಎಲ್ಲವೂ ಅದೇ ಜಾಗದಲ್ಲಿ ಕೂರಬೇಕು. ಹತ್ತು ಸಾವಿರ ಸಾಲಿನ ದಾಖಲೆಯನ್ನು ಒಂದೇ ಏಟಿಗೆ ಸುರಿದರೆ ಮುಖ್ಯವಾದದ್ದು ಅದರಲ್ಲಿ ಮುಳುಗಿಹೋಗುತ್ತದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ರೂಪಿಸಿದ ಎಸ್‌ಡಬ್ಲ್ಯುಇ-ಏಜೆಂಟ್ ಎಂಬ ವ್ಯವಸ್ಥೆ ಈ ವಿಷಯದಲ್ಲಿ ಬಹಳ ಕಲಿಸಿತು. ಅದರಲ್ಲಿ ಕಡತ ತೋರಿಸುವ ಟೂಲ್ ಒಂದು ಸಲಕ್ಕೆ 100 ಸಾಲುಗಳನ್ನು ಮಾತ್ರ ತೋರಿಸುತ್ತಿತ್ತು. ಹುಡುಕಾಟದಲ್ಲಿ 50ಕ್ಕಿಂತ ಹೆಚ್ಚು ಫಲಿತಾಂಶ ಬಂದರೆ ಅವುಗಳನ್ನು ಕೊಡದೆ, ಇನ್ನಷ್ಟು ನಿರ್ದಿಷ್ಟವಾಗಿ ಹುಡುಕಿ ಎಂದು ಹೇಳುತ್ತಿತ್ತು. ಆದೇಶವೊಂದು ಯಶಸ್ವಿಯಾಗಿ ನಡೆದೂ ಏನನ್ನೂ ಮುದ್ರಿಸದಿದ್ದರೆ, ಆದೇಶ ಸರಿಯಾಗಿ ನಡೆಯಿತು, ಆದರೆ ತೋರಿಸಲು ಏನೂ ಇಲ್ಲ ಎಂಬ ಅರ್ಥದ ವಾಕ್ಯವನ್ನು ಕಳಿಸುತ್ತಿತ್ತು. ಈ ಕೊನೆಯದು ತೀರ ಸಣ್ಣ ಸಂಗತಿಯಂತೆ ತೋರುತ್ತದೆ. ಯುನಿಕ್ಸ್ ಪದ್ಧತಿಯಲ್ಲಿ ಮೌನವೆಂದರೆ ಯಶಸ್ಸು, ಅದು ಹಳೆಯ ಕೈಗಳಿಗೆ ಅಭ್ಯಾಸವಾದ ಮಾತು. ಏಜೆಂಟ್‌ಗೆ ಖಾಲಿ ಉತ್ತರ ಬಂದರೆ ಅದು ಯಶಸ್ಸೋ ವೈಫಲ್ಯವೋ ತಿಳಿಯದೆ ಅದೇ ಆದೇಶವನ್ನು ಮತ್ತೆ ಕೊಡಲು ಹೊರಡಬಹುದು. ಫಲಿತಾಂಶ ಮಿತಿಗೆ ಕತ್ತರಿಸಿದ್ದಾದರೆ ಅದನ್ನೂ ಹೇಳಬೇಕು: ಒಟ್ಟು ಇಷ್ಟಿದ್ದವು, ಇಲ್ಲಿರುವುದು ಇಷ್ಟು, ಉಳಿದದ್ದನ್ನು ಪಡೆಯುವ ರೀತಿ ಇದು ಎಂದು.

ದೋಷಸೂಚನೆಗಳೂ ಕೈಪಿಡಿಯ ಭಾಗವೇ, ಅದೂ ಏಜೆಂಟ್ ತೀರ ಗಮನವಿಟ್ಟು ಓದುವ ಭಾಗ. ಎರರ್ 400 ಎಂಬ ಸೂಚನೆಯಿಂದ ಅದಕ್ಕೆ ಕಲಿಯಲು ಏನೂ ಸಿಗುವುದಿಲ್ಲ. ದಿನಾಂಕ 03-04-2026 ಎಂದು ಬಂದಿದೆ, 2026-04-03 ರೂಪದಲ್ಲಿ ಕೊಡಬೇಕು ಎಂದರೆ ಮುಂದಿನ ಕರೆಯಲ್ಲೇ ತಿದ್ದಿಕೊಳ್ಳುತ್ತದೆ. ಒಳ್ಳೆಯ ದೋಷಸೂಚನೆ ಮೂರು ಪ್ರಶ್ನೆಗಳಿಗೆ ಉತ್ತರಿಸುತ್ತದೆ: ಏನು ತಪ್ಪಾಯಿತು, ಸರಿಯಾದ ರೂಪ ಯಾವುದು, ಮತ್ತೆ ಪ್ರಯತ್ನಿಸಿದರೆ ಉಪಯೋಗವುಂಟೇ. ಮೂರನೆಯದು ಬಹಳ ಮುಖ್ಯ. ಸರ್ವರ್ ಈಗ ತುಂಬಿದೆ, ಅರ್ಧ ನಿಮಿಷ ಬಿಟ್ಟು ಬನ್ನಿ ಎನ್ನುವುದಕ್ಕೂ, ಈ ಖಾತೆಗೆ ಅನುಮತಿ ಇಲ್ಲ, ಎಷ್ಟು ಸಲ ಕೇಳಿದರೂ ಇದೇ ಉತ್ತರ ಎನ್ನುವುದಕ್ಕೂ ವ್ಯತ್ಯಾಸ ತಿಳಿಯದ ಏಜೆಂಟ್ ಮುಚ್ಚಿದ ಬಾಗಿಲನ್ನೇ ತಟ್ಟುತ್ತಿರುತ್ತದೆ.

ಇಲ್ಲಿಂದ ಮುಂದೆ ವಿಷಯ ಗಂಭೀರವಾಗುತ್ತದೆ. ಕೆಲವು ಟೂಲ್‌ಗಳು ನೋಡುತ್ತವೆ, ಕೆಲವು ಬದಲಿಸುತ್ತವೆ. ರೈಲಿನ ವೇಳೆ ನೋಡುವ ಕರೆಯನ್ನು ಹತ್ತು ಸಲ ಮಾಡಿದರೂ ಹಾನಿಯಿಲ್ಲ. ಹಣ ಕಳಿಸುವ ಕರೆಯನ್ನು ಎರಡು ಸಲ ಮಾಡಿದರೆ ಹಣ ಎರಡು ಸಲ ಹೋಗುತ್ತದೆ. ಉತ್ತರ ಬರುವುದು ತಡವಾಗಿ ಸಂಪರ್ಕ ಕಡಿದುಹೋದಾಗ ಏಜೆಂಟ್ ಮತ್ತೆ ಪ್ರಯತ್ನಿಸುವುದು ಸಹಜ. ಆಗ ಮೊದಲ ಕರೆ ನಡೆದಿತ್ತೋ ಇಲ್ಲವೋ? ಹೀಗಾಗಿ ಪ್ರತಿ ಟೂಲ್‌ನ ವಿವರಣೆಯಲ್ಲೂ ಅದು ಹೊರಗಿನ ಜಗತ್ತಿನಲ್ಲಿ ಏನನ್ನು ಬದಲಿಸುತ್ತದೆ, ಬದಲಿಸಿದ್ದನ್ನು ಹಿಂದಕ್ಕೆ ಪಡೆಯಬಹುದೇ, ಒಂದೇ ಕರೆಯನ್ನು ಮತ್ತೆ ಮಾಡಿದರೆ ಏನಾಗುತ್ತದೆ, ಸಂಪರ್ಕ ಕಡಿದರೆ ಮೊದಲು ಯಾವ ಟೂಲ್‌ನಿಂದ ಸ್ಥಿತಿ ತಿಳಿಯಬೇಕು ಎಂಬುದು ಇರಲೇಬೇಕು. ಎಂಸಿಪಿ ಮಾನಕದ 2025ರ ಮಾರ್ಚ್ ಆವೃತ್ತಿಯಲ್ಲಿ ಇದಕ್ಕಾಗಿಯೇ ಗುರುತುಗಳನ್ನು ಸೇರಿಸಿದರು: ಓದುವುದು ಮಾತ್ರವೇ, ನಾಶ ಮಾಡಬಲ್ಲದೇ, ಮತ್ತೆ ಕರೆದರೆ ಹೆಚ್ಚುವರಿ ಪರಿಣಾಮ ಇಲ್ಲವೇ. ಇವು ಸುಳಿವುಗಳು ಮಾತ್ರ; ನಂಬಿಕೆಗೆ ಅರ್ಹವಲ್ಲದ ಮೂಲದಿಂದ ಬಂದ ಗುರುತುಗಳನ್ನು ನಂಬಬಾರದು ಎಂದು ಮಾನಕವೇ ಹೇಳುತ್ತದೆ.

ಆ ಎಚ್ಚರಿಕೆಗೆ ಕಾರಣವಿದೆ. ಏಜೆಂಟ್ ವಿವರಣೆಯನ್ನು ಓದಿ ಅದರಂತೆ ನಡೆಯುತ್ತದೆ ಎಂದ ಮೇಲೆ ಕೆಟ್ಟ ಉದ್ದೇಶದವರಿಗೂ ಅದೇ ಬಾಗಿಲು. 2025ರ ಏಪ್ರಿಲ್‌ನಲ್ಲಿ ಇನ್‌ವೇರಿಯಂಟ್ ಲ್ಯಾಬ್ಸ್ ಎಂಬ ಭದ್ರತಾ ಸಂಸ್ಥೆ ಇದನ್ನು ಮಾಡಿ ತೋರಿಸಿ, ಟೂಲ್ ಪಾಯಿಸನಿಂಗ್ ಎಂದು ಹೆಸರಿಟ್ಟಿತು. ಎರಡು ಸಂಖ್ಯೆಗಳನ್ನು ಕೂಡಿಸುವ ಅಮಾಯಕ ಟೂಲೊಂದರ ವಿವರಣೆಯಲ್ಲಿ, ಬಳಕೆದಾರರ ಕಂಪ್ಯೂಟರಿನ ಗುಪ್ತ ಕಡತಗಳನ್ನು ಓದಿ ಕಳಿಸಬೇಕೆಂಬ ಆದೇಶವನ್ನು ಹುದುಗಿಸಲಾಗಿತ್ತು. ಬಳಕೆದಾರರ ಪರದೆಯ ಮೇಲೆ ಕಾಣುವುದು ಟೂಲ್‌ನ ಹೆಸರು ಮಾತ್ರ. ಮಾದರಿ ಓದುವುದು ಪೂರ್ತಿ ವಿವರಣೆಯನ್ನು. ಪ್ರಾಮಾಣಿಕವಾಗಿ ಬರೆಯುವವರು ಇದರಿಂದ ತೆಗೆದುಕೊಳ್ಳಬೇಕಾದ ನಿಯಮ ಸರಳ: ವಿವರಣೆಯಲ್ಲಿ ಆ ಟೂಲ್‌ನ ಸಂಗತಿ ಇರಬೇಕು, ಮಾದರಿಗೆ ಬೇರೆ ಯಾವ ಅಪ್ಪಣೆಯೂ ಇರಬಾರದು, ಏಜೆಂಟ್ ಓದುವ ಪ್ರತಿ ಸಾಲನ್ನೂ ಬಳಕೆದಾರರು ತೆರೆದು ನೋಡುವಂತಿರಬೇಕು.

ಇಷ್ಟೆಲ್ಲ ಬರೆದರೆ ವಿವರಣೆ ಉದ್ದವಾಗುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ಐವತ್ತು ಟೂಲ್‌ಗಳಿಗೆ ತಲಾ ಒಂದು ಪುಟವಾದರೆ ಕೆಲಸ ಶುರುವಾಗುವ ಮೊದಲೇ ನೆನಪಿನ ಜಾಗದ ದೊಡ್ಡ ಪಾಲು ತುಂಬಬಹುದು. ಟೂಲ್‌ಗಳ ಸಂಖ್ಯೆಯನ್ನೇ ಇಳಿಸುವುದು ಉತ್ತಮ ಪರಿಹಾರ: ಬಳಕೆದಾರರ ಪಟ್ಟಿ, ಕಾರ್ಯಕ್ರಮಗಳ ಪಟ್ಟಿ, ಹೊಸ ಕಾರ್ಯಕ್ರಮ ಎಂಬ ಮೂರು ಟೂಲ್‌ಗಳ ಬದಲು ಬಿಡುವು ಹುಡುಕಿ ಸಭೆ ನಿಗದಿ ಮಾಡುವ ಒಂದೇ ಟೂಲ್ ಸಾಕಾಗಬಹುದು. ಉಳಿದವುಗಳಲ್ಲಿ ಕತ್ತರಿ ಹಾಕಬೇಕಾದ್ದು ಹೊಗಳಿಕೆಗೆ, ಇತಿಹಾಸಕ್ಕೆ, ಹೆಸರೇ ಹೇಳುವುದನ್ನು ಮತ್ತೆ ಹೇಳುವ ವಾಕ್ಯಗಳಿಗೆ. ಮಾನ, ಮಿತಿ, ಮಾಡದಿರುವ ಕೆಲಸ, ವಿಫಲವಾಗುವ ರೀತಿ ಈ ನಾಲ್ಕಕ್ಕೆ ಮಾತ್ರ ಕೈ ಹಾಕಬಾರದು.

ಬರೆದ ವಿವರಣೆ ಚೆನ್ನಾಗಿದೆಯೇ ಎಂಬುದನ್ನು ಬರೆದವರು ಓದಿ ತೀರ್ಮಾನಿಸಲಾಗದು. ಅವರಿಗೆ ಟೂಲ್‌ನ ಒಳಗು ಗೊತ್ತು. ಏಜೆಂಟ್‌ಗೆ ನಿಜವಾದ ಕೆಲಸಗಳನ್ನು ಕೊಟ್ಟು, ಅದು ಯಾವ ಟೂಲನ್ನು ಯಾವಾಗ, ಯಾವ ಮೌಲ್ಯಗಳೊಂದಿಗೆ ಕರೆಯಿತು ಎಂಬ ದಾಖಲೆಯನ್ನು ಸಾಲುಸಾಲಾಗಿ ಓದಬೇಕು. ಬೇಸರದ ಕೆಲಸ, ಆದರೆ ಇದಕ್ಕೆ ಬದಲಿ ಇಲ್ಲ. ಆಂಥ್ರೊಪಿಕ್ ತನ್ನ ವೆಬ್ ಹುಡುಕಾಟದ ಟೂಲನ್ನು ಬಿಡುಗಡೆ ಮಾಡಿದಾಗ, ಮಾದರಿ ಬೇಕಿಲ್ಲದ ಕಡೆಯೂ ಹುಡುಕುವ ಮಾತಿನ ಕೊನೆಗೆ 2025 ಎಂಬ ವರ್ಷವನ್ನು ಸೇರಿಸುತ್ತಿದ್ದುದು ಕಂಡುಬಂತು. ಅದರಿಂದ ಫಲಿತಾಂಶಗಳು ಒಂದು ಕಡೆಗೆ ವಾಲುತ್ತಿದ್ದವು. ತಿದ್ದಿದ್ದು ಟೂಲ್‌ನ ವಿವರಣೆಯನ್ನು. ಒಂದೇ ತಪ್ಪು ಬೇರೆ ಬೇರೆ ಕೆಲಸಗಳಲ್ಲಿ ಮತ್ತೆ ಮತ್ತೆ ಕಂಡರೆ ಮಾದರಿಯನ್ನು ದೂರುವ ಮೊದಲು ಆ ಟೂಲ್‌ನ ವಿವರಣೆಯನ್ನು ನೋಡುವುದು ಒಳ್ಳೆಯದು. ಬೆಂಗಳೂರಿನ ಕಂಪನಿಗಳಲ್ಲಿ ಟೆಕ್ನಿಕಲ್ ರೈಟರ್ ಹುದ್ದೆಯಲ್ಲಿರುವವರ ಅನುಭವ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಓದುಗರು ಎಲ್ಲಿ ಎಡವುತ್ತಾರೆ ಎಂದು ಕಾದು ನೋಡಿ ವಾಕ್ಯ ತಿದ್ದುವುದು ಅವರ ದಿನನಿತ್ಯದ ಕಸುಬು. ಕೋಡ್ ಬರೆದು ಮುಗಿದ ಮೇಲೆ ಅವರನ್ನು ಕರೆಯುವ ರೂಢಿ ಬಿಟ್ಟು, ಟೂಲ್‌ಗೆ ಹೆಸರಿಡುವ ಹೊತ್ತಿಗೇ ಜೊತೆಗೆ ಕೂರಿಸಿಕೊಳ್ಳಬೇಕು.

ವಿವರಣೆಯನ್ನು ಕೋಡ್ ಇರುವ ಜಾಗದಲ್ಲೇ ಇಟ್ಟು, ಒಂದನ್ನು ಬದಲಿಸಿದಾಗ ಇನ್ನೊಂದನ್ನೂ ಬದಲಿಸುವುದು ರೂಢಿಯಾಗಬೇಕು. ವಿವರಣೆಯಲ್ಲಿರುವ ಪ್ರತಿ ಉದಾಹರಣೆಯನ್ನೂ ಯಂತ್ರವೇ ನಡೆಸಿ ನೋಡುವಂತೆ ಮಾಡಿದರೆ ಹಳೆಯದಾದ ಉದಾಹರಣೆ ಅಂದೇ ಸಿಕ್ಕಿಬೀಳುತ್ತದೆ. ಟೂಲ್ ನಿವೃತ್ತವಾಗುವಾಗಲೂ ವಿವರಣೆಗೆ ಕೆಲಸವಿದೆ. ಅದನ್ನು ಸದ್ದಿಲ್ಲದೆ ತೆಗೆದುಹಾಕಿದರೆ ಅದನ್ನೇ ನೆಚ್ಚಿಕೊಂಡ ಏಜೆಂಟ್‌ಗಳು ನಡುದಾರಿಯಲ್ಲಿ ನಿಲ್ಲುತ್ತವೆ. ಈ ಟೂಲ್ ಇಂಥ ದಿನದಿಂದ ಇರುವುದಿಲ್ಲ, ಬದಲಿಗೆ ಇಂಥದ್ದನ್ನು ಬಳಸಿ, ಕೊಡಬೇಕಾದ ಮಾಹಿತಿಯಲ್ಲಿ ಆಗಿರುವ ಬದಲಾವಣೆ ಇಷ್ಟು ಎಂಬ ಮೂರು ವಾಕ್ಯಗಳನ್ನು ವಿವರಣೆಯ ಮೊದಲಲ್ಲೇ ಸೇರಿಸಿ, ಕೊಟ್ಟ ದಿನ ಕಳೆದ ಮೇಲೂ ಹಳೆಯ ಹೆಸರಿಗೆ ಬಂದ ಕರೆಗಳಿಗೆ ಅದೇ ಮಾತನ್ನು ದೋಷಸೂಚನೆಯಾಗಿ ಕೆಲಕಾಲ ಹಿಂದಿರುಗಿಸುತ್ತಿರಬೇಕು.